ಪು. ಲ. ದೇಶಪಾಂಡೆಯವರ ಕಿವಿ: ಸಂಗೀತ, ಆಕಾಶವಾಣಿ ಮತ್ತು ಗಡಿನಾಡ ಮಾತು

ಗಡಿನಾಡ ಕನ್ನಡವನ್ನು ಕುರಿತ ಗೋಷ್ಠಿಯಲ್ಲಿ ಮರಾಠಿ ಲೇಖಕರೊಬ್ಬರ ಮೇಲೆ ಪ್ರಬಂಧ ಯಾಕೆ ಎಂದು ವಿದ್ವಾಂಸರು ಕೇಳಬಹುದು. ಕೇಳುವುದು ನ್ಯಾಯವೇ. ನನ್ನ ಸಮಾಧಾನ ಇಷ್ಟು. ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಕಡೆಯ ಕನ್ನಡಿಗನಿಗೆ ಎರಡು ಬಾಯಿ. ಮನೆಯಲ್ಲಿ ಕನ್ನಡ, ಪ್ಯಾಟಿ ಮತ್ತು ಕಚೇರಿಯಲ್ಲಿ ಮರಾಠಿ. ನಾವು ಅವನ ಮನೆಯ ಮಾತನ್ನಷ್ಟೇ ಸಂಗ್ರಹಿಸುತ್ತೇವೆ. ಅವನು ಆಡುವ ಮರಾಠಿ ನಮ್ಮ ವಿಷಯವಲ್ಲ ಎಂದು ಬಿಟ್ಟುಬಿಡುತ್ತೇವೆ. ಆದರೆ ಆ ಮರಾಠಿಯ ಶಬ್ದಗಳು ಮಾತ್ರ ಮರಾಠಿ, ಒಳಗಿನ ಎಲುಬು ಕನ್ನಡದ್ದು. ಇದನ್ನು ಅಚ್ಚಿನ ಪುಟದ ಮೇಲೆ ಹಿಡಿದಿಟ್ಟವರಲ್ಲಿ ಎಲ್ಲರಿಗಿಂತ ಹೆಚ್ಚು ಓದಿಸಿಕೊಂಡವರು ಪುರುಷೋತ್ತಮ ಲಕ್ಷ್ಮಣ ದೇಶಪಾಂಡೆ. ಮಹಾರಾಷ್ಟ್ರಕ್ಕೆಲ್ಲ ಅವರು ‘ಪು.ಲ.’. ಅವರು ಭಾಷಾವಿಜ್ಞಾನಿಯಲ್ಲ. ಹಾರ್ಮೋನಿಯಂ ನುಡಿಸುವ ವಿನೋದ ಲೇಖಕ, ಕೆಲಕಾಲ ಆಕಾಶವಾಣಿಯ ಉದ್ಯೋಗಿ. ಭಾಷಾವಿಜ್ಞಾನಿಯ ಕೆಲಸವನ್ನು ಅವರು ಹೇಗೆ ಮಾಡಿದರು, ಎಷ್ಟು ಮಾಡಿದರು, ಎಲ್ಲಿ ನಿಂತರು ಎಂಬುದು ಈ ಪ್ರಬಂಧದ ವಿಚಾರ.

1

ಪು.ಲ. ಹುಟ್ಟಿದ್ದು 1919ರ ನವೆಂಬರ್ 8ರಂದು, ಮುಂಬಯಿಯಲ್ಲಿ. ತೀರಿಕೊಂಡದ್ದು 2000ದ ಜೂನ್ 12ರಂದು, ಪುಣೆಯಲ್ಲಿ. ತಾಯಿಯ ತಂದೆ ವಾಮನ ಮಂಗೇಶ ದುಭಾಷಿಯವರು ರವೀಂದ್ರರ ಗೀತಾಂಜಲಿಯನ್ನು ಮರಾಠಿ ಅಭಂಗಗಳಲ್ಲಿ ತಂದವರು. ಹೀಗೆ ಕಾವ್ಯ ಮತ್ತು ಹಾಡು ಎರಡೂ ಮನೆಯಲ್ಲೇ ಇದ್ದವು. ಹಾರ್ಮೋನಿಯಂ ಚಿಕ್ಕಂದಿನಲ್ಲೇ ಕೈಗೆ ಬಂತು, ಕಡೆಯವರೆಗೂ ಬಿಡಲಿಲ್ಲ.

ಅವರ ಸಾಹಿತ್ಯವನ್ನು ವಿಸ್ತಾರವಾಗಿ ಹೇಳುವ ಪ್ರಸಂಗ ಇದಲ್ಲ. ‘ತುಝೆ ಆಹೆ ತುಜಪಾಶೀ’ ನಾಟಕ, ‘ಬಟಾಟ್ಯಾಚೀ ಚಾಳ’, ‘ವ್ಯಕ್ತಿ ಆಣಿ ವಲ್ಲೀ’ ಇವು ಮರಾಠಿ ಬಲ್ಲ ನಮ್ಮ ಮನೆಗಳಲ್ಲೂ ಓದಿದ ಪುಸ್ತಕಗಳೇ. ಕಡೆಯದಕ್ಕೆ 1965ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. 1974ರಲ್ಲಿ ಇಚಲಕರಂಜಿಯಲ್ಲಿ ನಡೆದ ಮರಾಠಿ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು.

ನಮಗೆ ಇಲ್ಲಿ ಬೇಕಾದದ್ದು ಅವರ ಜೀವನದ ಮೂರು ಸಂಗತಿ. ಒಂದು, 1953ರ ‘ಗುಳಾಚಾ ಗಣಪತಿ’ ಚಿತ್ರ. ಅದರ ಕತೆ, ನಿರ್ದೇಶನ, ಸಂಗೀತ, ಮುಖ್ಯ ಪಾತ್ರ ಎಲ್ಲ ಅವರದೇ. ಅದರಲ್ಲಿ ಗ. ದಿ. ಮಾಡಗೂಳಕರರು ಬರೆದ ಇಂದ್ರಾಯಣಿ ನದಿಯ ಹಾಡನ್ನು ಅವರು ಹಾಡಿಸಿದ್ದು ಗದಗಿನ ಭೀಮಸೇನ ಜೋಶಿಯವರಿಂದ. ಎರಡು, ಸುಮಾರು ಅದೇ ಕಾಲದಲ್ಲಿ ಅವರು ಬೆಳಗಾವಿಯ ರಾಣಿ ಪಾರ್ವತೀದೇವಿ ಕಾಲೇಜಿನಲ್ಲಿ ಅಧ್ಯಾಪಕರಾಗಿದ್ದದ್ದು. ಮೂರು, 1955ರಲ್ಲಿ ಪುಣೆಯ ಆಕಾಶವಾಣಿ ಸೇರಿದ್ದು. ಅಲ್ಲಿಂದ ಮುಂದೆ ಬಿ.ಬಿ.ಸಿ.ಯಲ್ಲಿ ತರಬೇತಿ ಪಡೆದು, 1959ರಲ್ಲಿ ದಿಲ್ಲಿಯಲ್ಲಿ ದೂರದರ್ಶನ ಸುರುವಾದಾಗ ಅದರ ಮೊದಲ ತಲೆಮಾರಿನ ನಿರ್ಮಾಪಕರಾದರು. ಭಾರತದ ಟೆಲಿವಿಷನ್ನಿಗಾಗಿ ಪಂಡಿತ ನೆಹರೂ ಅವರನ್ನು ಮೊದಲು ಸಂದರ್ಶಿಸಿದವರು ಇವರು.

ಸಂಗೀತ, ಬೆಳಗಾವಿ, ಆಕಾಶವಾಣಿ. ಈ ಮೂರೂ ಕೂಡಿಯೇ ಅವರ ಕಿವಿ ತಯಾರಾಯಿತು ಎಂಬುದು ನನ್ನ ವಾದ.

2

ಆಕಾಶವಾಣಿಯಿಂದ ಸುರುಮಾಡೋಣ. ನಾಟ್ಯಶಾಸ್ತ್ರದ ಪ್ರಕಾರ ಅಭಿನಯ ನಾಲ್ಕು ವಿಧ: ಆಂಗಿಕ, ವಾಚಿಕ, ಆಹಾರ್ಯ, ಸಾತ್ತ್ವಿಕ. ಮೈಕಿನ ಮುಂದೆ ಕುಳಿತವನಿಗೆ ಕೈಸನ್ನೆ ಇಲ್ಲ, ವೇಷ ಇಲ್ಲ, ಮುಖದ ಮೇಲಿನ ಭಾವವೂ ಕಾಣುವುದಿಲ್ಲ. ಉಳಿದದ್ದು ವಾಚಿಕ ಒಂದೇ. ಉಳಿದ ಮೂರರ ಭಾರವನ್ನೂ ಅದೇ ಹೊರಬೇಕು. ಭರತನು ಪಾಠ್ಯದ ಗುಣಗಳನ್ನು ಹೇಳುವಾಗ ಏಳು ಸ್ವರ, ಮೂರು ಸ್ಥಾನ, ನಾಲ್ಕು ವರ್ಣ, ಎರಡು ಕಾಕು, ಆರು ಅಲಂಕಾರ, ಆರು ಅಂಗ ಎಂದು ಎಣಿಸುತ್ತಾನೆ. ಆರು ಅಲಂಕಾರಗಳು ಉಚ್ಚ, ದೀಪ್ತ, ಮಂದ್ರ, ನೀಚ, ದ್ರುತ ಮತ್ತು ವಿಲಂಬಿತ. ಎಂದರೆ ದನಿಯ ಏರಿಳಿತ ಮತ್ತು ಮಾತಿನ ವೇಗ. ಎರಡು ಕಾಕುಗಳಲ್ಲಿ ಸಾಕಾಂಕ್ಷವೆಂದರೆ ಕೇಳುವವನು ಇನ್ನೂ ಏನೋ ಬರಲಿದೆ ಎಂದು ಕಾಯುವ ಹಾಗೆ ದನಿ ನಿಲ್ಲುವುದು. ನಿರಾಕಾಂಕ್ಷವೆಂದರೆ ಅರ್ಥ ತುಂಬಿ ಮಾತು ಮುಗಿಯುವುದು. ‘ಬಂದ’ ಎಂಬ ಒಂದೇ ಶಬ್ದವನ್ನು ನಮ್ಮ ಹಳ್ಳಿಯ ಹೆಣ್ಣುಮಗಳು ನಾಲ್ಕು ಧಾಟಿಯಲ್ಲಿ ಅಂದ್ರ ನಾಲ್ಕು ಅರ್ಥ ಆಗತಾವ. ಬರಹದಲ್ಲಿ ನಾಲ್ಕೂ ಒಂದೇ.

ಪಾಣಿನೀಯ ಶಿಕ್ಷೆಯಲ್ಲಿ ಅಧಮ ಪಾಠಕರು ಆರು ಮಂದಿ ಎಂದು ಒಂದು ಪಟ್ಟಿಯಿದೆ. ಮೊದಲನೆಯವನು ಓದುವುದನ್ನು ಹಾಡಿನ ಹಾಗೆ ಎಳೆಯುವವನು. ಗಡಿಬಿಡಿಯಿಂದ ಓದುವವನು, ತಲೆ ಅಲ್ಲಾಡಿಸುವವನು, ಬರೆದದ್ದನ್ನು ನೋಡಿ ಒಪ್ಪಿಸುವವನು, ಅರ್ಥ ಅರಿಯದವನು, ದನಿ ಸಣ್ಣಗಿರುವವನು, ಇವರೂ ಅದರಲ್ಲಿದ್ದಾರೆ. ಆಕಾಶವಾಣಿಯ ಭಾಷಣಕಾರನಿಗೆ ಇದಕ್ಕಿಂತ ಒಳ್ಳೆಯ ಸೂಚನಾಪತ್ರ ಬೇಕಿಲ್ಲ. ಅಲ್ಲಿ ಎಲ್ಲವನ್ನೂ ಮೊದಲು ಬರೆದುಕೊಂಡೇ ಹೋಗಬೇಕು. ಬರೆದದ್ದು ಎಂದು ಕೇಳುವವನಿಗೆ ತಿಳಿಯಬಾರದು. ಪು.ಲ. ಅವರ ಗದ್ಯದಲ್ಲಿ ಈ ಶಿಸ್ತು ಕಾಣುತ್ತದೆ. ಅವರು ಸಂಗೀತಗಾರರಾದರೂ ಓದುವಾಗ ಹಾಡುವುದಿಲ್ಲ. ಸಂಗೀತ ಅವರ ಮಾತಿನಲ್ಲಿ ರಾಗವಾಗಿ ಇಲ್ಲ, ಲಯವಾಗಿ ಇದೆ. ಎಲ್ಲಿ ನಿಲ್ಲಬೇಕು, ನಗೆಗೆ ಎಷ್ಟು ಹೊತ್ತು ಕೊಡಬೇಕು, ಯಾವ ಶಬ್ದವನ್ನು ಕೆಳಗಿನ ದನಿಯಲ್ಲಿ ಬಿಡಬೇಕು ಎಂಬ ಲೆಕ್ಕ ಅವರದು. 1961ರಿಂದ ‘ಬಟಾಟ್ಯಾಚೀ ಚಾಳ’ವನ್ನು ಒಬ್ಬರೇ ರಂಗದ ಮೇಲೆ ನಿಂತು ಇಡೀ ಚಾಳಿನ ಜನರನ್ನು ದನಿಯಿಂದಲೇ ಕರೆತಂದದ್ದು ಈ ಅಭ್ಯಾಸದ ಫಲ.

ಆಕಾಶವಾಣಿಗಾಗಿ ಅವರು ಮಾಡಿದ ಇನ್ನೊಂದು ಕೆಲಸ ಸಂಸ್ಕೃತ ಕಲಿತವರಿಗೆ ಪ್ರಿಯವಾಗುವಂಥದು. ಮಂಗೇಶ ಪಾಡಗಾವಕರರ ‘ಬಿಲ್ಹಣ’ ಎಂಬ ಸಂಗೀತಿಕೆಗೆ ಅವರು ಸ್ವರ ಹಾಕಿದರು, ಜಿತೇಂದ್ರ ಅಭಿಷೇಕಿ ಹಾಡಿದರು. ಬಿಲ್ಹಣ ಕಾಶ್ಮೀರದಲ್ಲಿ ಹುಟ್ಟಿ ನಮ್ಮ ಕಲ್ಯಾಣದ ಆರನೆಯ ವಿಕ್ರಮಾದಿತ್ಯನ ಆಸ್ಥಾನಕ್ಕೆ ಬಂದು ‘ವಿಕ್ರಮಾಂಕದೇವಚರಿತ’ ಬರೆದ ಕವಿ. ಕಾಶ್ಮೀರದ ಕವಿ, ಕನ್ನಡದ ಅರಸು, ಮರಾಠಿ ಹಾಡು. ಈಗಿನ ಗಡಿಗೆರೆಗಳು ವಿದ್ಯೆಗೆ ಎಂದೂ ಇರಲಿಲ್ಲ.

3

ಈಗ ಮುಖ್ಯ ವಿಷಯ. 1966ರಲ್ಲಿ ಬಂದ ‘ಗಣಗೋತ’ ಪುಸ್ತಕದಲ್ಲಿ ‘ರಾವಸಾಹೇಬ’ ಎಂಬ ವ್ಯಕ್ತಿಚಿತ್ರವಿದೆ. ಬೆಳಗಾವಿಯ ಒಬ್ಬ ಗೃಹಸ್ಥ. ನಾಟಕ ಸಂಗೀತ ಎಂದರೆ ಜೀವ ಬಿಡುವವ, ಕೈ ಸಡಿಲು, ಬಾಯಿ ಅದಕ್ಕಿಂತ ಸಡಿಲು. ಮಾತಿಗೊಂದು ಬೈಗುಳ. ಅವನ ಮರಾಠಿಗೆ ಕನ್ನಡದ ಧಾಟಿ. ಓದುಗರು ನಗುತ್ತಾ ನಗುತ್ತಾ ಹೋಗಿ ಕಣ್ಣೀರಿನ ಅಂಚಿಗೆ ಬಂದು ನಿಲ್ಲುತ್ತಾರೆ. ಪು.ಲ. ಅವರ ದನಿಯಲ್ಲೇ ಇದರ ಧ್ವನಿಮುದ್ರಣವೂ ಇದೆ. ಮರಾಠಿ ಮನೆಗಳಲ್ಲಿ ಇದನ್ನು ಕೇಳದವರು ವಿರಳ.

ರಾವಸಾಹೇಬರ ಮರಾಠಿಯಲ್ಲಿ ಎದ್ದು ಕಾಣುವುದು ಲಿಂಗದ ಪಲ್ಲಟ. ಇದನ್ನು ಒಂದಿಷ್ಟು ಬಿಡಿಸಿ ನೋಡಬೇಕು. ಮರಾಠಿಯಲ್ಲಿ ‘ದಗಡ ಪಡಲಾ’, ‘ಭಿಂತ ಪಡಲೀ’, ‘ಝಾಡ ಪಡಲಂ’ ಎನ್ನಬೇಕು. ಕಲ್ಲು ಪುಲ್ಲಿಂಗ, ಗೋಡೆ ಸ್ತ್ರೀಲಿಂಗ, ಗಿಡ ನಪುಂಸಕ. ಕನ್ನಡದಲ್ಲಿ ಕಲ್ಲು ಬಿತ್ತು, ಗೋಡೆ ಬಿತ್ತು, ಗಿಡ ಬಿತ್ತು. ನಮಗೆ ಲಿಂಗವು ಅರ್ಥವನ್ನು ಅನುಸರಿಸಿದ್ದು. ಗಂಡಸು ಬಿದ್ದ, ಹೆಂಗಸು ಬಿದ್ದಳು, ಉಳಿದದ್ದೆಲ್ಲ ಬಿತ್ತು. ಕಲ್ಲು ಗಂಡು, ಗೋಡೆ ಹೆಣ್ಣು ಎಂದರೆ ಕನ್ನಡದ ಬುದ್ಧಿಗೆ ಅದು ಹತ್ತುವುದೇ ಇಲ್ಲ.

ಸಂಸ್ಕೃತದವರಿಗೆ ಇದು ಹೊಸತಲ್ಲ. ಹೆಂಡತಿ ಎಂಬ ಒಂದೇ ಅರ್ಥಕ್ಕೆ ‘ಭಾರ್ಯಾ’ ಸ್ತ್ರೀಲಿಂಗ, ‘ದಾರಾಃ’ ಪುಲ್ಲಿಂಗ ಮತ್ತು ಬಹುವಚನ, ‘ಕಲತ್ರಮ್’ ನಪುಂಸಕ. ಪತಂಜಲಿಯು ಮಹಾಭಾಷ್ಯದಲ್ಲಿ ಲಿಂಗದ ಚರ್ಚೆ ಮಾಡುತ್ತ, ಇದನ್ನು ಶಾಸ್ತ್ರ ವಿಧಿಸಿ ಹೇಳಬೇಕಿಲ್ಲ, ಲಿಂಗವು ಲೋಕವನ್ನೇ ಆಶ್ರಯಿಸಿದ್ದು ಎಂಬ ನಿಲುವಿಗೆ ಬರುತ್ತಾನೆ. ಜನ ಹೇಗೆ ಆಡುತ್ತಾರೋ ಹಾಗೆ. ಹಾಗಾದರೆ ಎರಡು ಲೋಕಗಳ ನಡುವೆ ಬದುಕುವವನ ಲಿಂಗವ್ಯವಸ್ಥೆ ಯಾವ ಲೋಕವನ್ನು ಆಶ್ರಯಿಸಬೇಕು? ಈ ಪ್ರಶ್ನೆಯನ್ನು ಭಾಷ್ಯಕಾರ ಕೇಳಲಿಲ್ಲ. ಗಡಿನಾಡು ಕೇಳುತ್ತದೆ.

ಇದಕ್ಕೆ ವಿಜ್ಞಾನದ ಬೆಂಬಲವೂ ಉಂಟು. ಸಾಂಗಲಿ ಜಿಲ್ಲೆಯ ಕುಪವಾಡ ಎಂಬ ಊರಿನಲ್ಲಿ ಕನ್ನಡ, ಮರಾಠಿ, ಉರ್ದು ತಲೆತಲಾಂತರದಿಂದ ಒಟ್ಟಿಗಿವೆ. ಜಾನ್ ಗಂಪರ್ಜ್ ಮತ್ತು ರಾಬರ್ಟ್ ವಿಲ್ಸನ್ ಈ ಊರಿನ ಮೇಲೆ ನಡೆಸಿದ ಅಧ್ಯಯನ 1971ರಲ್ಲಿ ಪ್ರಕಟವಾಯಿತು. ಅಲ್ಲಿಯ ಮೂರು ಭಾಷೆಗಳ ಶಬ್ದಗಳು ಬೇರೆಬೇರೆ, ವಾಕ್ಯದ ಕಟ್ಟೋಣ ಮಾತ್ರ ಬಹುಮಟ್ಟಿಗೆ ಒಂದೇ ಆಗಿಬಿಟ್ಟಿದೆ ಎಂದು ಅವರು ತೋರಿಸಿದರು. ಲಿಂಗದ ವಿಷಯದಲ್ಲಿ ಮರಾಠಿಯೇ ಕನ್ನಡದ ಪದ್ಧತಿಗೆ ಹೊಂದಿಕೊಂಡಿದೆ: ಮನುಷ್ಯರಿಗೆ ಗಂಡು ಹೆಣ್ಣೆಂಬ ಭೇದ, ಉಳಿದದ್ದಕ್ಕೆಲ್ಲ ಒಂದೇ. ಪುಣೆಯ ವ್ಯಾಕರಣ ‘ತಪ್ಪು’ ಎನ್ನುವುದು ಕುಪವಾಡದಲ್ಲಿ ವ್ಯವಸ್ಥೆ.

‘ಗಣಗೋತ’ ಈ ಅಧ್ಯಯನಕ್ಕಿಂತ ಐದು ವರ್ಷ ಹಿಂದಿನದು. ಪು.ಲ. ಅವರ ಬಳಿ ಪ್ರಶ್ನಾವಳಿ ಇರಲಿಲ್ಲ. ಇದ್ದದ್ದು ಪೇಟಿಯ ಮುಂದೆ ಕೂತು ಪಳಗಿದ ಕಿವಿ. ಗಾಯಕನು ಷಡ್ಜದಿಂದ ಎಷ್ಟು ಸರಿದ, ಯಾವ ಸ್ವರವನ್ನು ಮುಟ್ಟಿ ಬಿಟ್ಟ ಎಂಬುದನ್ನು ಹಿಂದೆ ಕೂತ ಹಾರ್ಮೋನಿಯಂದವನು ಆ ಕ್ಷಣದಲ್ಲೇ ಹಿಡಿಯಬೇಕು. ಗಾಯಕನನ್ನು ತಿದ್ದುವುದು ಅವನ ಕೆಲಸ ಅಲ್ಲ. ಅವನ ಸಂಗಡ ಹೋಗುವುದು ಕೆಲಸ. ರಾವಸಾಹೇಬರ ಮಾತಿನ ಸಂಗಡ ಪು.ಲ. ಹೋಗುವ ರೀತಿ ಇದೇ. ತಿದ್ದುವುದಿಲ್ಲ, ಮುಂದೆ ಓಡುವುದಿಲ್ಲ. ಎಲ್ಲಿ ಪಲ್ಲಟ ಆಗುತ್ತದೋ ಅಲ್ಲೇ ಆಗಗೊಡುತ್ತಾರೆ. ವ್ಯಾಕರಣ ತಪ್ಪಿದ ಆ ಮಾತಿನಲ್ಲಿ ಸುಳ್ಳು ಒಂದೂ ಇಲ್ಲ ಎಂಬುದು ಓದುಗನಿಗೆ ತಾನಾಗಿಯೇ ಮನವರಿಕೆಯಾಗುತ್ತದೆ. ಪುಸ್ತಕ ಬಂದ ವರ್ಷವೇ ಮಹಾಜನ ಆಯೋಗವೂ ನೇಮಕವಾಯಿತು. ಬೆಳಗಾವಿ ಯಾರದು ಎಂಬ ಜಗಳ ಬಿಸಿಯಾಗಿದ್ದ ದಿನಗಳಲ್ಲಿ ಬೆಳಗಾವಿಯ ಒಬ್ಬ ಮನುಷ್ಯನನ್ನು ಇಷ್ಟು ಪ್ರೀತಿಯಿಂದ ಬರೆದದ್ದು ಸಣ್ಣ ಮಾತಲ್ಲ.

4

ಮೆಚ್ಚುಗೆ ಇಷ್ಟಾಯಿತು. ಇನ್ನು ಆಕ್ಷೇಪ.

ಮೊದಲನೆಯದು. ರಾವಸಾಹೇಬರ ಮರಾಠಿಯಷ್ಟೇ ನಮಗೆ ಕೇಳಿಸುತ್ತದೆ. ಅವರ ಕನ್ನಡ ಕೇಳಿಸುವುದಿಲ್ಲ. ಎರಡು ಬಾಯಿಯ ಮನುಷ್ಯನ ಒಂದೇ ಬಾಯಿ ಚಿತ್ರದಲ್ಲಿದೆ. ಮರಾಠಿಯಲ್ಲಿ ತಡವರಿಸುವವನು ತನ್ನ ಮಾತಿನಲ್ಲಿ ಎಷ್ಟು ಚುರುಕು, ಎಷ್ಟು ಸೂಕ್ಷ್ಮ ಎಂಬುದು ಮರಾಠಿ ಓದುಗನಿಗೆ ತಿಳಿಯದೇ ಉಳಿಯುತ್ತದೆ. ಮರಾಠಿ ಪುಸ್ತಕದಲ್ಲಿ ಕನ್ನಡ ಎಲ್ಲಿಂದ ಬರಬೇಕು ಎಂದು ಯಾರಾದರೂ ಅಂದಾರು. ಒಪ್ಪಿದೆ. ಆದರೆ ಐವತ್ತರ ಆಸುಪಾಸಿನಲ್ಲಿ ಬಂಗಾಳಿ ಕಲಿಯಲೆಂದು ಶಾಂತಿನಿಕೇತನಕ್ಕೆ ಹೋಗಿ ನಿಂತು, ‘ವಂಗಚಿತ್ರೇ’ ಬರೆದ ಪು.ಲ. ಅವರಿಗೆ, ಪಕ್ಕದ ಮನೆಯ ಕನ್ನಡದ ಮೇಲೆ ಅಂಥದೊಂದು ಪುಸ್ತಕ ಬರೆಯಬೇಕೆನ್ನಿಸಲಿಲ್ಲವಲ್ಲ ಎಂಬ ಖೇದ ನನಗಿದೆ.

ಎರಡನೆಯದು. ಪು.ಲ. ಅವರ ನಗೆಯಲ್ಲಿ ಪ್ರೀತಿ ಇದೆ, ಅನುಕರಿಸಿದವರ ನಗೆಯಲ್ಲಿ ಅದು ಇಲ್ಲ. ಲಿಂಗ ತಪ್ಪಿಸಿ ಮಾತಾಡುವ ‘ಕಾನಡೀ ಅಪ್ಪಾ’ ಒಬ್ಬನನ್ನು ರಂಗದ ಮೇಲೆ ತಂದು ನಿಲ್ಲಿಸಿದರೆ ಚಪ್ಪಾಳೆ ಬೀಳುತ್ತದೆ ಎಂಬುದನ್ನು ಹವ್ಯಾಸಿಗಳು ಬೇಗ ಕಲಿತರು. ಕಿವಿಯನ್ನು ಕಲಿಯಲಿಲ್ಲ. ಇದರ ಹೊಣೆಯನ್ನು ಮೂಲ ಲೇಖಕರ ತಲೆಗೆ ಕಟ್ಟುವುದು ಸರಿಯಲ್ಲ. ಆದರೂ ವಿಮರ್ಶಕನಾದವನು ಒಂದು ಕೃತಿಯ ಗುಣದ ಸಂಗಡ ಅದರ ಪರಿಣಾಮವನ್ನೂ ನೋಡಬೇಕಾಗುತ್ತದೆ.

ಪರಿಣಾಮ ಏನೆಂಬುದನ್ನು ನಾನು ಬಲ್ಲೆ. ಅಕ್ಕಲಕೋಟೆ ತಾಲೂಕಿನ ಮರಾಠಿ ಮಾಧ್ಯಮದ ಸಾಲಿಯಲ್ಲಿ ನಾನು ಸಂಸ್ಕೃತ ಕಲಿಸಿದವನು. ಮನೆಯಲ್ಲಿ ಕನ್ನಡ ಆಡುವ ಹುಡುಗರೇ ವರ್ಗದಲ್ಲಿ ಹೆಚ್ಚು. ‘ಭಿಂತ ಪಡಲಂ’ ಅಂದ ಹುಡುಗನಿಗೆ ಇಡೀ ವರ್ಗ ನಕ್ಕಿತೆಂದರೆ ಆ ಹುಡುಗ ಮುಂದಿನ ಆರು ತಿಂಗಳು ಬಾಯಿ ಬಿಡುತ್ತಿರಲಿಲ್ಲ. ವಿಚಿತ್ರವೆಂದರೆ ಅದೇ ಹುಡುಗ ಸಂಸ್ಕೃತದಲ್ಲಿ ಹಿಂದೆ ಬೀಳುತ್ತಿರಲಿಲ್ಲ. ಅಲ್ಲಿ ಎಲ್ಲರೂ ಲಿಂಗವನ್ನು ಬಾಯಿಪಾಠ ಮಾಡಲೇಬೇಕು, ಯಾರ ಮನೆಯ ಮಾತೂ ಆಸರೆಗೆ ಬರುವುದಿಲ್ಲ. ಎಲ್ಲರಿಗೂ ಪರಕೀಯವಾದದ್ದರಲ್ಲಿ ಅವನು ಸಮಾನ. ಒಬ್ಬರಿಗೆ ಸ್ವಂತವಾದದ್ದರಲ್ಲಿ ಮಾತ್ರ ಅವನು ನಗೆಪಾಟಲು. ಇದೇ ಹುಡುಗ ಬೆಂಗಳೂರು ಕಡೆ ನೌಕರಿಗೆ ಹೋದರ ಅಲ್ಲಿ ಅವನ ಕನ್ನಡಕ್ಕ ನಗತಾರ. “ಏನ್ರೀ, ನೀವು ಮರಾಠ್ಯಾರೇನು?” ಅಂತಾರ. ಆದ್ದರಿಂದ ದೂರು ಮರಾಠಿಯವರ ಮೇಲೆ ಮಾತ್ರ ಹೊರಿಸುವಂಥದ್ದಲ್ಲ. ಎರಡೂ ಕಡೆ ನಗಿಸಿಕೊಂಡವನು ಕಡೆಗೆ ಎರಡೂ ಕಡೆ ಸುಮ್ಮನಾಗುತ್ತಾನೆ. ಉಪಭಾಷೆ ಸಾಯುವುದು ಹೀಗೆ.

ಇಲ್ಲಿ ಭೀಮಸೇನರ ಹಾಡನ್ನು ಮತ್ತೆ ನೆನೆಯಬೇಕು. ಕನ್ನಡದ ಕಂಠದಿಂದ ಬಂದ ಮರಾಠಿ ಅಭಂಗಕ್ಕೆ ಮಹಾರಾಷ್ಟ್ರ ತಲೆದೂಗಿತು. ಸುಳೇಭಾವಿಯಲ್ಲಿ ಹುಟ್ಟಿದ ಕುಮಾರ ಗಂಧರ್ವರಿಗೂ, ಧಾರವಾಡದ ಮಲ್ಲಿಕಾರ್ಜುನ ಮನಸೂರರಿಗೂ ಅದೇ ಗೌರವ. ಮರಾಠಿ ಸಂಗೀತ ನಾಟಕಕ್ಕೆ 1880ರಲ್ಲಿ ‘ಶಾಕುಂತಲ’ದಿಂದ ಬುನಾದಿ ಹಾಕಿದ ಅಣ್ಣಾಸಾಹೇಬ ಕಿರ್ಲೋಸ್ಕರರು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನವರು. ಹಾಡುವ ಕನ್ನಡಿಗನಿಗೆ ತಲೆದೂಗುವುದು, ಅಂಗಡಿಯಲ್ಲಿ ಮಾತಾಡುವ ಕನ್ನಡಿಗನಿಗೆ ನಗುವುದು, ಇವೆರಡೂ ಒಂದೇ ಊರಿನಲ್ಲಿ ನಡೆದವು. ಪು.ಲ. ಅವರ ಹೆಚ್ಚುಗಾರಿಕೆ ಎಂದರೆ ಮೊದಲನೆಯವನನ್ನು ಕೇಳಿದ ಕಿವಿಯಿಂದಲೇ ಎರಡನೆಯವನನ್ನೂ ಕೇಳಿದರು.

5

ಈ ನಷ್ಟದ ಅರಿವು ಅವರಿಗೆ ಇತ್ತು ಎಂಬುದಕ್ಕೆ ‘ತೀ ಫುಲರಾಣೀ’ ಸಾಕ್ಷಿ. ಇದು ಬರ್ನಾರ್ಡ್ ಷಾ ಅವರ ‘ಪಿಗ್ಮೇಲಿಯನ್’ನ ಮರಾಠಿ ರೂಪಾಂತರ, 1970ರ ದಶಕದ್ದು. ಧ್ವನಿಶಾಸ್ತ್ರದ ಪ್ರಾಧ್ಯಾಪಕನೊಬ್ಬ ಹೂ ಮಾರುವ ಹುಡುಗಿಯ ಮಾತನ್ನು ತಿದ್ದಿ ಅವಳನ್ನು ದೊಡ್ಡ ಮನೆಯ ಹೆಣ್ಣಿನ ಹಾಗೆ ಮಾಡಿ ತೋರಿಸುತ್ತೇನೆಂದು ಪಣ ಕಟ್ಟುತ್ತಾನೆ. ಇಂಗ್ಲಿಷಿನ ಲಂಡನ್ ಬೀದಿಮಾತಿಗೆ ಬದಲಾಗಿ ಮರಾಠಿಯ ಬೀದಿಮಾತು ಬೇಕು. ಶಬ್ದ ಬದಲಿಸಿದರೆ ಸಾಲದು, ಉಚ್ಚಾರ, ವೇಗ, ಬೈಗುಳದ ಲಯ ಎಲ್ಲ ಬೇಕು. ಕಿವಿ ಇಲ್ಲದವನು ಮುಟ್ಟಬಾರದ ನಾಟಕ ಅದು. ಪು.ಲ. ಅದನ್ನು ಮರಾಠಿ ನೆಲದಲ್ಲೇ ಹುಟ್ಟಿದ ಹಾಗೆ ಮಾಡಿದರು.

ನಮ್ಮ ಗೋಷ್ಠಿಗೆ ಬೇಕಾದ ಪಾಠ ನಾಟಕದ ಕಡೆಯ ಭಾಗದಲ್ಲಿದೆ. ಮಾತು ತಿದ್ದಿಸಿಕೊಂಡ ಹುಡುಗಿ ಹಳೆಯ ಬೀದಿಗೂ ಹೋಗಲಾರಳು, ಹೊಸ ಮನೆಗೂ ಸಲ್ಲಳು. ಪ್ರಾಧ್ಯಾಪಕನಿಗೆ ಅವಳ ಸ್ವರವ್ಯಂಜನಗಳೆಲ್ಲ ಗೊತ್ತು, ಅವಳು ಗೊತ್ತಿಲ್ಲ. ಉಪಭಾಷಾ ಸಂಶೋಧಕರು ವರ್ಷಕ್ಕೊಮ್ಮೆಯಾದರೂ ಈ ನಾಟಕವನ್ನು ಓದುವುದು ಒಳ್ಳೆಯದು.

6

ನಮ್ಮ ಕ್ಷೇತ್ರಕಾರ್ಯದ ಬಗ್ಗೆ ಇಷ್ಟರಿಂದ ಮೂರು ಸೂಚನೆ ಮುಂದಿಡುತ್ತೇನೆ.

ಒಂದು, ಗಡಿನಾಡ ಕನ್ನಡಿಗನ ಕನ್ನಡವನ್ನಷ್ಟೇ ಅಲ್ಲ, ಅವನ ಎರಡನೆಯ ಭಾಷೆಯನ್ನೂ ದಾಖಲಿಸಬೇಕು. ಸೊಲ್ಲಾಪುರದಲ್ಲಿ ಮರಾಠಿ, ಹೊಸೂರು ತಾಳವಾಡಿಗಳಲ್ಲಿ ತಮಿಳು, ಕಾಸರಗೋಡಿನಲ್ಲಿ ಮಲಯಾಳ, ಆದವಾನಿ ರಾಯದುರ್ಗಗಳಲ್ಲಿ ತೆಲುಗು. ನಮ್ಮ ಮಾತಿನ ಎಲುಬು ಎಷ್ಟು ಗಟ್ಟಿ ಎಂಬುದು ಪರಭಾಷೆಯ ಮೈಯೊಳಗೆ ಅದು ಹೇಗೆ ನಿಲ್ಲುತ್ತದೆ ಎಂಬುದರಿಂದಲೇ ತಿಳಿಯುತ್ತದೆ.

ಎರಡು, ಶಬ್ದಪಟ್ಟಿಯ ಸಂಗಡ ದನಿಯೂ ಬೇಕು. ಮಹಾಪ್ರಾಣ ಹೋಗಿ ‘ಘರ’ವು ‘ಗರ’ ಆಗುವುದನ್ನು, ‘ಬಸ್’ ಎಂಬುದು ಕೊನೆಗೆ ಸ್ವರ ಸೇರಿಸಿಕೊಂಡು ‘ಬಸ್ಸು’ ಆಗುವುದನ್ನು ನಾವು ಬರೆದುಕೊಳ್ಳುತ್ತೇವೆ. ಕಾಕು ಎಲ್ಲಿ ಬರೆಯುತ್ತೇವೆ? ಪ್ರಶ್ನೆ ಎಲ್ಲಿ ಏರುತ್ತದೆ, ಸಿಟ್ಟು ಎಲ್ಲಿ ಇಳಿಯುತ್ತದೆ, ಅಕ್ಕರೆಯ ಬೈಗುಳಕ್ಕೂ ಖರೆ ಬೈಗುಳಕ್ಕೂ ದನಿಯಲ್ಲಿ ಫರಕು ಏನು? ಇವತ್ತು ಪ್ರತಿಯೊಬ್ಬರ ಕಿಸೆಯಲ್ಲೂ ಧ್ವನಿಮುದ್ರಣದ ಸಾಧನ ಇದೆ. ಸಂಗ್ರಾಹಕರ ಜೊತೆಗೆ ಒಬ್ಬ ಸಂಗೀತ ಬಲ್ಲವರು ಹೋದರೆ ಮುದ್ರಿಸಿದ್ದಕ್ಕೆ ಅರ್ಥ ಬರುತ್ತದೆ.

ಮೂರು, ಮಾತಾಡುವವನ ಸಂಗಡ ಹೋಗುವುದು. ಹಳ್ಳಿಯ ಮುದುಕನೊಬ್ಬ ಸಂಶೋಧಕರು ಬಂದಾರ ಅಂದಕೂಡಲೇ ಪುಸ್ತಕದ ಕನ್ನಡ ಸುರುಮಾಡುತ್ತಾನೆ. ತನ್ನ ಮಾತಿಗೆ ಎಲ್ಲಿ ನಗುತ್ತಾರೋ ಎಂಬ ಅಂಜಿಕೆ. ಆ ಅಂಜಿಕೆ ಬಿಡಿಸದೆ ತಂದ ಸಾಮಗ್ರಿ ಎಷ್ಟಿದ್ದರೂ ಪೊಳ್ಳು. ರಾವಸಾಹೇಬರು ಪು.ಲ. ಅವರ ಮುಂದೆ ಬಾಯಿ ಬಿಟ್ಟು ಬೈದರು, ಅತ್ತರು, ಹಾಡಿಗೆ ವಾಹ್ವಾ ಅಂದರು. ಯಾಕಂದ್ರ ಎದುರಿಗೆ ಕೂತವ ತಪ್ಪು ಎಣಿಸತಿರಲಿಲ್ಲ, ಕೇಳತಿದ್ದ.

ಪು. ಲ. ದೇಶಪಾಂಡೆಯವರನ್ನು ಮರಾಠಿಯವರು ನಗೆಗಾರರೆಂದು ನೆನೆಯುತ್ತಾರೆ. ಅದು ಅವರ ಹಕ್ಕು. ಗಡಿಯ ಈಚೆ ಆಚೆ ಇರುವ ಕನ್ನಡಿಗರು ಅವರನ್ನು ನಮ್ಮ ಮಾತನ್ನು ಕಿವಿಗೊಟ್ಟು ಕೇಳಿದವರೆಂದೂ ನೆನೆಯಬೇಕೆಂಬುದು ನನ್ನ ವಿನಂತಿ. ಅವರು ಬಿಟ್ಟುಹೋದ ಇನ್ನೊಂದು ಬಾಯಿಯ ಕೆಲಸ, ರಾವಸಾಹೇಬರ ಕನ್ನಡವನ್ನು ಬರೆಯುವ ಕೆಲಸ, ನಮ್ಮ ಪಾಲಿನದು. ಆ ಕನ್ನಡ ಆಡುವವರು ಇನ್ನೂ ಇದ್ದಾರೆ, ಅವರ ವಯಸ್ಸು ಮಾತ್ರ ಏರುತ್ತಿದೆ.